ಹೆಸರೂ ಅದೇ, ತೂಕವೂ ಅದೇ

ಹಿರೇಕೆರೂರಿನ ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಗೆ ಹೊಂದಿಕೊಂಡ ಹಾಗೆ ಒಂದು ಸ್ಕ್ಯಾನಿಂಗ್ ಸೆಂಟರ್ ಇದೆ. ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ಒಳಗೆ ತೂರಿಸಿ ಚಿತ್ರ ತೆಗೆಯುವ ಆ ಯಂತ್ರದ ಮುಂದೆ ಕೂರುವವನು ಸವಣೂರಿನ ಕೌಸ್ತುಭ. ಚಿತ್ರ ತೆಗೆಯುವುದರಲ್ಲಿ ಅವನಿಗೆ ಹೇಳಿಕೊಳ್ಳುವಂಥ ಹೆಸರೇನೂ ಬರಲಿಲ್ಲ, ಯಂತ್ರ ಇದ್ದ ಕಡೆ ಯಾರು ಬೇಕಾದರೂ ತೆಗೆಯುತ್ತಾರೆ. ಅವನಿಗೆ ಹೆಸರು ಬಂದದ್ದು ಬೇಗ ಕಳಿಸುವವನು ಎಂದು. ಆ ಹೆಸರನ್ನು ಅವನು ಗಳಿಸಿಕೊಂಡ, ಬೆಲೆಯನ್ನು ಬೇರೆಯವರು ಕೊಟ್ಟರು.

ಕೌಸ್ತುಭನ ಅಜ್ಜ ನರಸಿಂಹಾಚಾರ್ಯರು ಹಳೆಯ ಗ್ರಂಥಗಳನ್ನು ನಕಲು ಮಾಡಿ ಮಠಕ್ಕೆ ಕೊಡುತ್ತಿದ್ದವರು. ಬರೆದು ಮುಗಿದ ಮೇಲೆ ಅಕ್ಷರ ಎಣಿಸುವುದು ಆ ಮನೆಯ ಪದ್ಧತಿ. ಮೂಲದಲ್ಲಿ ಎಷ್ಟಿವೆಯೋ ನಕಲಿನಲ್ಲೂ ಅಷ್ಟೇ ಇರಬೇಕು. ಎಣಿಕೆ ಸರಿಹೋದ ಮೇಲೂ ಆಚಾರ್ಯರು ಬಿಡುತ್ತಿರಲಿಲ್ಲ. ಅಜ್ಜಿ ವಿಮಲಾಬಾಯಿ ಪಡಸಾಲೆಯಲ್ಲಿ ಕೂತು ಮೂಲವನ್ನು ಗಟ್ಟಿಯಾಗಿ ಓದಬೇಕು, ಅಜ್ಜ ನಕಲಿನ ಸಾಲಿನ ಕೆಳಗೆ ಬೆರಳಿಟ್ಟು ಕೇಳಬೇಕು. ವಾರಗಟ್ಟಲೆ ನಡೆಯುವ ಈ ಓದು ಕೇಳಿ ಕೇಳಿ ಕೌಸ್ತುಭನಿಗೆ ತಲೆಚಿಟ್ಟು ಹಿಡಿದಿತ್ತು. ಎಣಿಕೆ ಸರಿ ಇದ್ದ ಮೇಲೆ ಮತ್ತೆ ಯಾಕೆ ಓದಬೇಕು, ಈ ಮುದುಕರಿಗೆ ಬೇರೆ ಉದ್ಯೋಗವಿಲ್ಲ ಎಂದುಕೊಂಡೇ ದೊಡ್ಡವನಾದ. ಮನೆತನದ ವಿದ್ಯೆಯಲ್ಲಿ ಎಣಿಸುವ ಅರ್ಧ ಮಾತ್ರ ಅವನ ತಲೆಗೆ ಹತ್ತಿತು.

ಸೆಂಟರಿಗೆ ಸೇರಿದ ಹೊಸದರಲ್ಲಿ ಅವನ ಜೀವ ತಿಂದದ್ದು ಯಂತ್ರವಲ್ಲ, ಪೆನ್‌ಡ್ರೈವ್. ಹುಬ್ಬಳ್ಳಿಯ ದೊಡ್ಡ ಡಾಕ್ಟರುಗಳಿಗೆ ಬರೆದ ಕಾಗದ ಬೇಡ, ಚಿತ್ರವನ್ನು ತಾವೇ ಕಣ್ಣಾರೆ ನೋಡಬೇಕು. ಸಿಡಿ ಹಾಕುವ ಕಂಪ್ಯೂಟರು ಈಗ ಯಾರ ಹತ್ತಿರವೂ ಇಲ್ಲ. ಹಾಗಾಗಿ ರೋಗಿಗಳೇ ಪೆನ್‌ಡ್ರೈವ್ ತರಬೇಕು. ತರುತ್ತಿದ್ದರು ಪಾಪ, ಟ್ರ್ಯಾಕ್ಟರಿನ ಟೇಪಿನಿಂದ ಕಿತ್ತು ತಂದದ್ದು, ಧೂಳು ಮೆತ್ತಿದ್ದು, ಡೊಳ್ಳಿನ ಪದ ಭಜನಾ ಪದ ಗಂಟಲಮಟ ತುಂಬಿದ್ದು. ಯಂತ್ರವೋ ಒಂದು ತಲೆಯನ್ನು ಸೌತೆಕಾಯಿ ಹೆಚ್ಚಿದ ಹಾಗೆ ನೂರಾರು ಬಿಲ್ಲೆ ಮಾಡುತ್ತದೆ, ಒಂದೊಂದು ಬಿಲ್ಲೆಗೂ ಒಂದೊಂದು ಫೈಲು. ಇಷ್ಟೂ ಸಣ್ಣ ಫೈಲುಗಳನ್ನು ಆ ಹಳೆಯ ಪೆನ್‌ಡ್ರೈವ್ ತೆವಳುತ್ತಾ ನುಂಗುವಷ್ಟರಲ್ಲಿ ಒಂದು ಬಸ್ಸು ಹೋಗಿ ಇನ್ನೊಂದು ಬರುತ್ತಿತ್ತು. ನಡುವೆ ಕರೆಂಟು ಹೋದರೆ ಮೊದಲಿನಿಂದ.

ಅದಕ್ಕೆಂದು ಕೌಸ್ತುಭ ಒಂದು ಸಿಂಕ್ ತಂತ್ರಾಂಶ ಹಾಕಿದ. ಅದು ಕಂಪ್ಯೂಟರಿನಲ್ಲಿರುವುದನ್ನೂ ಪೆನ್‌ಡ್ರೈವಿನಲ್ಲಿರುವುದನ್ನೂ ಹೋಲಿಸಿ ನೋಡಿ, ಇಲ್ಲದ್ದನ್ನು ಮಾತ್ರ ತುಂಬುತ್ತದೆ. ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಹೋಲಿಸುವುದಕ್ಕೆಂದು ಎರಡೂ ಕಡೆಯ ಪ್ರತಿ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು, ಥೇಟು ಅಜ್ಜ ಅಜ್ಜಿಯ ಹಾಗೆ. ಓದುವುದನ್ನು ಬಿಡಿಸಿ ತಾರೀಖು, ವೇಳೆ ಮಾತ್ರ ನೋಡು ಎಂದರೆ ಅದೂ ಕೆಲಸಕ್ಕೆ ಬರಲಿಲ್ಲ. ಪೆನ್‌ಡ್ರೈವ್ ಬರೆದುಕೊಂಡ ವೇಳೆ ಕಂಪ್ಯೂಟರಿನ ವೇಳೆಗೆ ಒಂದೆರಡು ಸೆಕೆಂಡಾದರೂ ಹೆಚ್ಚುಕಡಿಮೆ ಬಂದು, ತುಂಬಿದ್ದನ್ನೇ ಮತ್ತೆ ತುಂಬುತ್ತಿತ್ತು. ಕೌಸ್ತುಭ ಅದನ್ನೂ ಕಿತ್ತುಹಾಕಿದ. ಫೈಲಿನ ಹೆಸರು ನೋಡು, ತೂಕ ನೋಡು, ಅಂದರೆ ಅದು ಎಷ್ಟು ಜಾಗ ಹಿಡಿದಿದೆ ಎಂದು, ಎರಡೂ ಸರಿ ಇದ್ದರೆ ಮುಂದೆ ಹೋಗು ಎಂದು ಅದಕ್ಕೆ ಹೇಳಿಕೊಟ್ಟ. ವೈರಸ್ ಹುಡುಕುವ ಇನ್ನೊಂದು ತಂತ್ರಾಂಶವನ್ನು ಆ ಕಡೆ ತಲೆ ಹಾಕದಂತೆ ನಿಲ್ಲಿಸಿದ. ತೆವಳುತ್ತಿದ್ದ ಕೆಲಸ ಓಡತೊಡಗಿತು.

ಹಬ್ಬಕ್ಕೆ ಸವಣೂರಿಗೆ ಹೋದಾಗ ಇದನ್ನೆಲ್ಲ ಅಜ್ಜಿಯ ಮುಂದೆ ಕೊಚ್ಚಿಕೊಂಡ. ವಿಮಲಾಬಾಯಿಗೆ ಕಂಪ್ಯೂಟರಿನ ಗಂಧವಿಲ್ಲ, ಆದರೆ ನಕಲಿನ ಗಂಧ ಚೆನ್ನಾಗಿ ಇತ್ತು.

"ಎಣಿಸಿದಿ, ಖರೆ. ಓದೀದ್ಯೋ?"

"ಓದ್ಕೋತ ಕೂತ್ರ ಪೇಶಂಟು ಅಲ್ಲೇ ಸಾಯ್ತಾವ ಅಜ್ಜಿ," ಎಂದು ಅವನು ನಕ್ಕ. ಅಜ್ಜಿ ಹೋಳಿಗೆ ಹಾಕಿದಳು.

ಅಂತೂ ಚಹಾ ಆರುವುದರೊಳಗೆ ಪೆನ್‌ಡ್ರೈವ್ ಕೈಗೆ ಕೊಡುವವನು ಎಂದು ಸುತ್ತಿನ ಹಳ್ಳಿಗಳಲ್ಲಿ ಅವನ ಮಾತಾಯಿತು. ಹಾನಗಲ್ಲಿನವರೂ ಅಲ್ಲಿಯ ಸೆಂಟರು ಬಿಟ್ಟು ಇಲ್ಲಿಗೆ ಬರತೊಡಗಿದರು. ಹೊಗಳಿಕೆ ಕೌಸ್ತುಭನ ನೆತ್ತಿಗೇರಿತು. ನಿಧಾನದವರನ್ನು ಕಂಡರೆ ಅವನಿಗೆ ಮೈಯುರಿ. ಹೆಸರು ಕೇಳಿದರೆ ಊರಿನ ಕಥೆ ಹೇಳುವ ಮುದುಕಿಯರನ್ನು, ಅಂಗಿ ಗುಂಡಿ ಬಿಚ್ಚುವುದಕ್ಕೆ ಹೊತ್ತು ಮಾಡುವ ಮುದುಕರನ್ನು ಎಲ್ಲರೆದುರಿಗೆ ಗದರುತ್ತಿದ್ದ. ಜನ ಗದರಿಸಿಕೊಂಡೂ ಸುಮ್ಮನಿರುತ್ತಿದ್ದರು. ಬಸ್ಸು ಸಿಗುತ್ತಿತ್ತಲ್ಲ!

ಮಾಸೂರಿನ ಮಲ್ಲಿಕಾ ಬಂದದ್ದು ಅಂಥ ದಿನಗಳಲ್ಲಿ. ಕೂಲಿ ಮುಗಿಸಿ ಬರುವಾಗ ಟ್ರ್ಯಾಕ್ಟರಿನ ಟ್ರೇಲರಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಜೊತೆಗೆ ಗಂಡ ಚಂದ್ರಪ್ಪ, ಅತ್ತೆ ಅನ್ನವ್ವ. ಚಂದ್ರಪ್ಪ ಇನ್ನೊಬ್ಬರ ಟ್ರ್ಯಾಕ್ಟರ್ ಹೊಡೆಯುವವನು, ಅದರದ್ದೇ ಪೆನ್‌ಡ್ರೈವ್ ತಂದಿದ್ದ. ಮಲ್ಲಿಕಾ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರೂ ಬಾಯಿ ಕಟ್ಟಿಕೊಂಡಿರಲಿಲ್ಲ.

"ಒಳಗ ಮಲಗಿಸಿದ ಮ್ಯಾಲೆ ಹಾಡು ಹಚ್ತೀರೇನ್ರಿ? ಪೆನ್‌ಡ್ರೈವ್ ತಂದೇವಲ್ಲ," ಎಂದು ಕೇಳಿದಳು.

ಗದರಬೇಕೆಂದು ಬಾಯಿ ತೆರೆದ ಕೌಸ್ತುಭನಿಗೆ ನಗು ಬಂತು. ಸೆಂಟರಿನಲ್ಲಿ ಯಾರೂ ಅವನನ್ನು ನಗಿಸಿದವರಿರಲಿಲ್ಲ. ಮಲ್ಲಿಕಾಳ ಸೆರಗು ಹಿಡಿದು ನಿಂತಿದ್ದ ಪುಟ್ಟ ಮಗಳು ನೀಲಾ ಕೂಡ ನಕ್ಕಳು.

ಆ ಚಿತ್ರ ನೋಡಿದ ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಿಷ್ಟು. ತಲೆಬುರುಡೆಯ ಒಳಗೆ ತೆಳ್ಳಗೆ ರಕ್ತ ನಿಂತಿದೆ. ತಾನಾಗಿ ಒಣಗಬಹುದು, ಇಲ್ಲವೇ ದಿನ ಹೋದಂತೆ ಹೆಚ್ಚಾಗಬಹುದು. ಹದಿನೈದು ದಿನ ಬಿಟ್ಟು ಮತ್ತೊಂದು ಸಲ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ. ಹೆಚ್ಚಾಗಿದ್ದರೆ ಸಣ್ಣ ತೂತು ಕೊರೆದು ತೆಗೆದುಬಿಡುತ್ತೇವೆ, ವಾರದೊಳಗೆ ಮನೆಗೆ ಹೋಗಬಹುದು. ಹೆಚ್ಚಾಗಿದೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ, ಅದರ ಮೇಲೆ ಅವಳ ಜೀವ ನಿಂತಿತ್ತು.

ಎರಡನೇ ಸಲ ಬಂದಾಗ ಮಲ್ಲಿಕಾ ಮಾತಾಡಲಿಲ್ಲ. ಬೆಂಚಿನ ಮೇಲೆ ಅತ್ತೆಯ ಹೆಗಲಿಗೆ ತಲೆ ಆನಿಸಿ ನಿದ್ದೆ ಹೋದಳು. ಎಬ್ಬಿಸಿ ನಡೆಸಿದರೆ ಒಂದು ಕಾಲು ನೆಲಕ್ಕೆ ಸವರುತ್ತಿತ್ತು. ಯಂತ್ರದ ಪರದೆಯ ಮೇಲೆ ಮೂಡಿದ್ದನ್ನು ಕೌಸ್ತುಭ ಮತ್ತೊಮ್ಮೆ ಬಗ್ಗಿ ನೋಡಿದ. ಹೋದ ಸಲ ದಾರದೆಳೆಯಂತಿದ್ದ ರಕ್ತ ಈಗ ಬಾಳೆಹಣ್ಣಿನಷ್ಟು ದಪ್ಪವಾಗಿ ಮಿದುಳನ್ನು ಒಂದು ಬದಿಗೆ ಒತ್ತಿತ್ತು. ಚಿತ್ರದಲ್ಲಿ ಏನಿದೆ ಎಂದು ರೋಗಿಗೆ ಹೇಳುವ ಅಧಿಕಾರ ಅವನಿಗಿರಲಿಲ್ಲ. ಅದು ಡಾಕ್ಟರ ಕೆಲಸ. ಆದರೆ ಸುಮ್ಮನಿರುವುದಕ್ಕೂ ಮನಸ್ಸಾಗಲಿಲ್ಲ.

"ಚಂದ್ರಪ್ಪನವರ, ತಡ ಮಾಡಬ್ಯಾಡ್ರಿ. ಈಗಿಂದೀಗ ಹುಬ್ಬಳ್ಳಿ ಬಸ್ ಹಿಡೀರಿ. ಡಾಕ್ಟರು ಇವತ್ತ ನೋಡಬೇಕು."

"ಪೆನ್‌ಡ್ರೈವಿಗೆ ಹಾಕಾಕ ಹೊತ್ತಾಕ್ಕೈತೇನ್ರಿ? ಬಸ್ಸು ನಿಂತೈತಿ."

"ನನ್ನ ಕಡೆ ಹೊತ್ತಾಗಂಗಿಲ್ಲ," ಎಂದ ಕೌಸ್ತುಭ.

ಆಗಲೂ ಇಲ್ಲ. ಪೆನ್‌ಡ್ರೈವ್ ಚುಚ್ಚಿ, ಮಲ್ಲಿಕಾಳ ಹೆಸರಿನ ಫೋಲ್ಡರು ತೋರಿಸಿ, ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರಲ್ಲಿ ಎಲ್ಲ ಸರಿ ಇದೆ ಎಂದು ಹಸಿರು ಗುರುತು ಬಂತು. ಇಷ್ಟು ಬೇಗ ಯಾವತ್ತೂ ಆಗಿರಲಿಲ್ಲ, ಅವನಿಗೇ ಬೆರಗಾಯಿತು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವಷ್ಟು ಹಿಗ್ಗಿದ. ಚಂದ್ರಪ್ಪ ಓಡಿಹೋಗಿ ಬಸ್ಸಿನ ಬಾಗಿಲಿಗೆ ಅಡ್ಡ ನಿಂತ, ಅನ್ನವ್ವ ಸೊಸೆಯನ್ನು ತಬ್ಬಿಕೊಂಡು ಹತ್ತಿಸಿದಳು. ಕೌಸ್ತುಭ ಬಾಗಿಲಿಗೆ ಬಂದು ನಿಂತು ನೋಡಿದ. ಒಂದು ಜೀವ ಉಳಿಸಿದೆ ಎಂದು ಅವನಿಗೆ ಅನಿಸಿತು, ಆ ದಿನ ಊಟ ಬಹಳ ರುಚಿಯಾಗಿತ್ತು.

ಮತ್ತೆ ಚಂದ್ರಪ್ಪ ಬಂದದ್ದು ಬಹಳ ದಿನಗಳ ಮೇಲೆ, ಒಬ್ಬನೇ. ಗಡ್ಡ ಬಂದಿತ್ತು. ಸಾಲಿನವರೆಲ್ಲ ಹೋಗಲಿ ಎಂದು ಮೂಲೆಯಲ್ಲಿ ನಿಂತಿದ್ದು, ಕೊನೆಗೆ ಒಳಗೆ ಬಂದ.

"ಬರ್ರಿ, ಕೂಡ್ರಿ. ಆಪರೇಷನ್ ಆತಲ್ರೀ? ಈಗ ಹೆಂಗಿದ್ದಾರ?" ಎಂದು ಕೌಸ್ತುಭ ಹುರುಪಿನಿಂದಲೇ ಕೇಳಿದ.

"ಯಾವ ಆಪರೇಷನ್ರೀ. ಆಕಿ ಹೋದ್ಳು."

ಚಂದ್ರಪ್ಪ ಕೂತ. ಕೂತು, ಟೇಬಲ್ಲಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಹೇಳಿದ.

"ಡಾಕ್ಟರು ಪೆನ್‌ಡ್ರೈವ್ ಹಾಕಿ ನೋಡಿದ್ರು. ಹೋದ ಸಲ ಹೆಂಗಿತ್ತೋ ಹಂಗ ಐತಿ, ಎಳ್ಳಷ್ಟೂ ಹೆಚ್ಚಾಗಿಲ್ಲ ಅಂದ್ರು. ನಿದ್ದಿ ಬರೂದು ಗುಳಿಗಿ ಸಲುವಾಗಿ, ಕಾಲಿಂದು ನಿಶ್ಶಕ್ತಿ, ಮನಿಗೆ ಕರ್ಕೊಂಡ ಹೋಗ್ರಿ ಅಂದ್ರು. ನಾವು ಖುಷಿಲೆ ಬಂದ್ವಿ. ಬಂದ ಮ್ಯಾಲೆ ಆಕಿ ಏಳಾಕ ಒಲ್ಲೆ ಅಂದ್ಳು. ಹಗಲೆಲ್ಲ ಮಲಗೂದು, ಕೇಳಿದ್ರ ತಲಿ ಸಿಡೀತೈತಿ ಅನ್ನೂದು. ಡಾಕ್ಟರ ಏನೂ ಇಲ್ಲಂದಾರ, ಈಕಿ ನಾಟಕ ಮಾಡಾಕತ್ತಾಳ ಅಂದ್ಳು ನಮ್ಮವ್ವ. ನನಗೂ ಹಂಗ ಅನಿಸ್ತು. ಬೀಜದ ಹತ್ತಿ ಹೊಲದಾಗ ಬೀಜ ಕಟ್ಟಲಿ ಅಂತ ಹೂವಿಗೆ ಹೂವು ಮುಟ್ಟಸೂ ಕೆಲಸ ಜೋರಿತ್ತು. ಬಾ ಅಂತ ಕರ್ಕೊಂಡ ಹೋದೆ. ಅಲ್ಲೂ ಬದುವಿನ ಮ್ಯಾಲೆ ಮಲಕೊಂಡ್ಳು. ಎಲ್ಲಾ ಹೆಣ್ಮಕ್ಕಳು ನನ್ನ ನೋಡಿ ನಕ್ರು. ಸಿಟ್ಟು ನೆತ್ತಿಗೇರ್ತು ನೋಡ್ರಿ. ರಟ್ಟಿ ಹಿಡದು ಎಬ್ಬಿಸಿ ದಬ್ಬಿದೆ. ಬಿದ್ಳು. ಮತ್ತ ಏಳಲಿಲ್ಲ."

ಆ ಚಿತ್ರ ನೋಡಿ ಯಾವ ಡಾಕ್ಟರು ಹಾಗೆ ಹೇಳುತ್ತಾನೆ? ಕುರುಡನೇ ಅವನು? ಅವನ ಮೇಲೆ ಕೌಸ್ತುಭನಿಗೆ ಸಿಟ್ಟು ಉಕ್ಕಿ ಬಂತು.

ಚಂದ್ರಪ್ಪ ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಮುಂದಿಟ್ಟ. "ಇದರಾಗ ಏನೈತಿ ಅಂತ ಒಮ್ಮಿ ನೋಡ್ರಿ. ಕೇಳೂದೈತಿ ನನಗ."

ಡಾಕ್ಟರ ತಪ್ಪನ್ನು ಈಗಲೇ ತೋರಿಸಿಬಿಡುತ್ತೇನೆ ಎಂಬ ಆವೇಶದಲ್ಲಿ ಕೌಸ್ತುಭ ಅದನ್ನು ಚುಚ್ಚಿ ಮಲ್ಲಿಕಾಳ ಫೋಲ್ಡರು ತೆರೆದ. ಪರದೆಯ ಮೇಲೆ ತಲೆ ಮೂಡಿತು. ಅದರಲ್ಲಿ ದಾರದೆಳೆಯಷ್ಟು ರಕ್ತ. ಮೂಲೆಯಲ್ಲಿ ಸಾಸಿವೆಯಂಥ ಅಕ್ಷರದಲ್ಲಿ ತಾರೀಖು, ಆಕೆ ಮೊದಲ ಸಲ ನಗುತ್ತಾ ಬಂದ ದಿನದ್ದು. ಮುಂದಿನ ಬಿಲ್ಲೆ ತೆರೆದ, ಅದರ ಮುಂದಿನದು ತೆರೆದ. ಎಲ್ಲವೂ ಹಳೆಯವೇ.

ತಿಳಿಯುವುದಕ್ಕೆ ಹೊತ್ತು ಬೇಕಾಗಲಿಲ್ಲ. ಎರಡನೇ ಸಲವೂ ಚಂದ್ರಪ್ಪ ತಂದದ್ದು ಅದೇ ಪೆನ್‌ಡ್ರೈವ್, ಮೊದಲ ಸಲದ ಚಿತ್ರಗಳು ಅದರಲ್ಲಿ ಹಾಗೆಯೇ ಇದ್ದವು. ಆ ಯಂತ್ರ ತೆಗೆಯುವ ಪ್ರತಿ ಚಿತ್ರದ ತೂಕವೂ ಒಂದೇ. ತಲೆ ಆರೋಗ್ಯವಾಗಿರಲಿ, ರಕ್ತ ತುಂಬಿರಲಿ, ಫೈಲಿನ ತೂಕ ಬದಲಾಗುವುದಿಲ್ಲ. ಹೆಸರುಗಳೂ ಒಂದೇ, ಒಂದು, ಎರಡು, ಮೂರು ಎಂದು ಅಂಕಿಗಳು. ಫೋಲ್ಡರಿಗೂ ಅದೇ ಮಲ್ಲಿಕಾಳ ಹೆಸರು. ಹೆಸರು ಸರಿ, ತೂಕ ಸರಿ, ಹಾಗಾದರೆ ಎಲ್ಲ ಇಲ್ಲಿದೆ, ಹೊಸದೇನೂ ತುಂಬಬೇಕಾಗಿಲ್ಲ ಎಂದು ತಂತ್ರಾಂಶ ಹಸಿರು ಗುರುತು ತೋರಿಸಿತ್ತು. ಅವನು ಹೇಳಿಕೊಟ್ಟದ್ದನ್ನೇ ಅದು ಮಾಡಿತ್ತು. ಬಾಳೆಹಣ್ಣಿನಷ್ಟು ರಕ್ತವಿದ್ದ ಒಂದು ಚಿತ್ರವೂ ಈ ಕೋಣೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಮೂಲೆಯ ತಾರೀಖು ನೋಡಬೇಕಿತ್ತು, ನೋಡಲಿಲ್ಲ. ಆ ಪಾಪ ಅವನದು. ಉಳಿದದ್ದೆಲ್ಲ ಕೌಸ್ತುಭನದು. ನಿಜವಾದ ಚಿತ್ರಗಳು ಅವನ ಮೊಣಕೈ ಪಕ್ಕದಲ್ಲೇ, ಯಂತ್ರದ ಕಂಪ್ಯೂಟರಿನಲ್ಲಿ ಇನ್ನೂ ಇದ್ದವು.

"ಏನೈತ್ರಿ?" ಎಂದ ಚಂದ್ರಪ್ಪ.

ಕೌಸ್ತುಭ ಇನ್ನೊಂದು ಬಿಲ್ಲೆ ತೆರೆದ.

"ಅವತ್ತ ನೀವು ತಡ ಮಾಡಬ್ಯಾಡ್ರಿ ಅಂದಿದ್ರಿ. ಆ ಮಾತು ನನ್ನ ಬಿಡವಲ್ದು. ನಿಮಗೇನರ ಕಂಡಿತ್ತೇನ್ರಿ? ಖರೇನ ಹೇಳ್ರಿ, ನಾ ಯಾರ ಮ್ಯಾಲೂ ಬರಂಗಿಲ್ಲ. ಒಳಗ ರಕ್ತ ಹೆಚ್ಚಾಗಿತ್ತು, ಅದರಿಂದ ಹೋದ್ಳು ಅಂದ್ರ ನನಗ ಒಂದು ತುತ್ತು ಅನ್ನ ಇಳೀತೈತಿ. ಏನೂ ಇದ್ದಿಲ್ಲಂದ್ರ..."

ಹೇಳಿಬಿಡಬೇಕೆಂದು ಕೌಸ್ತುಭನ ನಾಲಿಗೆಯ ತುದಿಗೆ ಬಂದಿತ್ತು. ಜೊತೆಗೇ ಸೆಂಟರಿನ ಮಾಲಕನ ಮುಖ ಕಣ್ಣಮುಂದೆ ಬಂತು, ಪೊಲೀಸರು ಬಂದರು, ಸವಣೂರಿನ ಓಣಿಯಲ್ಲಿ ಜನ ಆಡಿಕೊಳ್ಳುವುದು ಕೇಳಿಸಿತು. ಎದುರಿಗೆ ಕೂತವನಿಗೆ ಒಂದು ತುತ್ತು ಅನ್ನ ಬೇಕಾಗಿತ್ತು. ಕೌಸ್ತುಭನಿಗೆ ಕೆಲಸ ಬೇಕಾಗಿತ್ತು.

"ಹಂಗ ಎಲ್ಲಾರಿಗೂ ಅಂತೇನ್ರಿ. ಬಸ್ ತಪ್ಪಬಾರದಂತ ಅಷ್ಟ," ಎಂದ. ಪರದೆಯನ್ನು ಚಂದ್ರಪ್ಪನ ಕಡೆ ತಿರುಗಿಸಿ ದಾರದೆಳೆಯ ಮೇಲೆ ಬೆರಳಿಟ್ಟ. "ನೋಡ್ರಿ, ಇಷ್ಟ ಇತ್ತು. ಇದರಿಂದ ಯಾರೂ ಸಾಯಂಗಿಲ್ಲ."

ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಿದ್ದ. ಚಂದ್ರಪ್ಪ ಆ ಎಳೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು ಟೇಬಲ್ಲಿನ ಮೇಲಿಂದ ತೆಗೆದು ತೊಡೆಯ ನಡುವೆ ಇಟ್ಟುಕೊಂಡ.

"ಅಂದ್ರ ನಾನ ಕೊಂದೆ."

ಅಲ್ಲ ಎನ್ನುವುದಕ್ಕೆ ಇನ್ನೂ ಅವಕಾಶವಿತ್ತು. ಕೌಸ್ತುಭ ಪೆನ್‌ಡ್ರೈವಿನ ಕಡೆ ನೋಡುತ್ತಾ, "ಈ ಚಿತ್ರ ಇಟ್ಕೊಂಡು ಏನ್ ಮಾಡ್ತೀರಿ, ತಗದುಬಿಡ್ಲೇನ್ರಿ?" ಎಂದು ಕೇಳಿದ.

"ತಗೀರಿ."

ಅಳಿಸುವುದಕ್ಕೆ ಹೊತ್ತೇ ಹಿಡಿಯಲಿಲ್ಲ. ಹಾಡುಗಳನ್ನು ಮಾತ್ರ ಉಳಿಸಿ ಪೆನ್‌ಡ್ರೈವ್ ಕೈಗೆ ಕೊಟ್ಟ. ಚಂದ್ರಪ್ಪ ಎದ್ದು ನಿಂತು ಕೈ ಮುಗಿದ. "ಖರೆ ಹೇಳಿದ್ರಿ, ಛಲೋ ಆತು. ಎಲ್ಲಾರೂ ನಿನ್ನ ತಪ್ಪಲ್ಲ, ನಿನ್ನ ತಪ್ಪಲ್ಲ ಅಂತಿದ್ರು," ಎಂದು ಹೇಳಿ ಹೋದ.

ಅವತ್ತು ಸಂಜೆ ಕೌಸ್ತುಭ ತಂತ್ರಾಂಶವನ್ನು ಮೊದಲಿನಂತೆ ಮಾಡಿದ. ಪ್ರತಿ ಫೈಲನ್ನೂ ಎರಡೂ ಕಡೆ ಪೂರ್ತಿ ಓದಿ ಹೋಲಿಸುವ ಹಾಗೆ. ಬೆಂಚಿನ ಮೇಲೆ ಜನ ಮತ್ತೆ ಆಕಳಿಸತೊಡಗಿದರು, ಬಸ್ಸು ತಪ್ಪಿದವರು ಬೈದರು. ಯಂತ್ರ ಹಳೆಯದಾಯಿತು ಎಂದು ಅವನು ಸುಳ್ಳು ಹೇಳಿದ. ತನಗೆ ಗೊತ್ತಿರುವ ಹಾಗೆ ಎರಡನೇ ಸಲ ಸ್ಕ್ಯಾನಿಗೆ ಬಂದವರು ಇನ್ನೂ ಕೆಲವರಿದ್ದರು. ಅವರಲ್ಲಿ ಯಾರಿಗೆ ಏನಾಯಿತು ಎಂದು ವಿಚಾರಿಸುವ ಧೈರ್ಯ ಅವನಿಗಾಗಲಿಲ್ಲ. ಗುರುತಿಲ್ಲದ ಫೋನು ಬಂದರೆ ಎತ್ತುತ್ತಿರಲಿಲ್ಲ. ನಾಚಿಕೆಗೇಡಿನ ಬದುಕು ಅದು, ಆದರೂ ತಿಂಗಳ ಪಗಾರ ಬರುತ್ತಿತ್ತು, ಅವನು ಬದುಕಿದ.

ಹೀಗಿರುವಾಗ ಒಂದು ದಿನ ಗಟ್ಟಿಮುಟ್ಟಾದ ಆಳೊಬ್ಬ ಸಾಲು ದಾಟಿ ನೇರ ಒಳಗೆ ಬಂದ. ಅಬಲೂರಿನ ಸುನೀಲ ಎಂದು ಹೆಸರು ಹೇಳಿದ. ಮಲ್ಲಿಕಾಳ ತಮ್ಮ. ಬಡಿಯುವುದಕ್ಕೇ ಬಂದಿದ್ದಾನೆ ಎಂದು ಕೌಸ್ತುಭ ಕುರ್ಚಿಯಲ್ಲಿ ಹಿಂದೆ ಸರಿದ. ಸುನೀಲ ಮಾತ್ರ ತಗ್ಗಿದ ದನಿಯಲ್ಲಿ ಮಾತಾಡಿದ.

"ನಮ್ಮ ಮಾವ ಚಂದ್ರಪ್ಪ ಹಿರೇರ ಮುಂದ ನಿಂತು, ನಿಮ್ಮ ಮಗಳ್ನ ನಾನ ಕೊಂದೇನಿ ಅಂದ್ರಿ. ತಲ್ಯಾಗ ಏನೂ ಇದ್ದಿಲ್ಲ, ಸ್ಕ್ಯಾನ್ ಮಾಡಾವ್ರು ಕಣ್ಣಾರೆ ತೋರಿಸ್ಯಾರ ಅಂದ. ಅಷ್ಟಂದ ಮ್ಯಾಲೆ ನಮ್ಮಪ್ಪ ನೀಲಾನ ಆ ಮನ್ಯಾಗ ಬಿಡಾಕ ಒಪ್ಪಲಿಲ್ಲ. ಹುಡುಗಿ ಅಪ್ಪನ ಕಾಲು ಹಿಡಕೊಂಡು ಬಿಡವಲ್ದು. ಆಂವ ತಾನ ಅದರ ಬೆರಳು ಒಂದೊಂದ ಬಿಡಿಸಿ ನನ್ನ ಕೈಗೆ ಕೊಟ್ಟ. ಈ ಕೈ ಛಲೋ ಅಲ್ಲವ್ವ, ಮಾಮಾನ ಜೋಡಿ ಹೋಗು ಅಂದ."

ಕೌಸ್ತುಭ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

"ನನಗ ನಂಬಿಕಿ ಬರವಲ್ದ್ರಿ. ನಮ್ಮಕ್ಕ ಸಾಯೂಕಿಂತ ಮೊದ್ಲ ಎರಡ ದಿನ ಕಾಲು ಎಳೀತಿದ್ಳು, ನಾ ಹೋದಾಗ ನನ್ನ ಗುರ್ತ ಹಿಡೀಲಿಲ್ಲ. ಒಂದು ದಬ್ಬಿದ್ದಕ್ಕ ಸಾಯೂವಂಥಾಕಿ ಅಲ್ಲ ಆಕಿ. ಹುಡುಗಿ ಉಂಬಂಗಿಲ್ಲ, ಅಪ್ಪ ಅಪ್ಪ ಅಂತ ಬಾಗಲಾಗ ಕುಂದರ್ತೈತಿ. ಒಳಗ ಏನರ ಇತ್ತು ಅಂತ ನೀವೊಂದ ಮಾತ ಹೇಳ್ರಿ ಸಾಕು. ನಮ್ಮಪ್ಪಗ ನಾ ಒಪ್ಪಸ್ತೇನಿ. ಇಲ್ಲಿಂದ ಸೀದಾ ಮಾಸೂರಿಗೆ ಹೋಗಿ ಹುಡುಗೀನ ಬಿಟ್ಟು ಬರ್ತೇನಿ. ಗಾಡಿ ಮ್ಯಾಲೆ ಕುಂದ್ರಿಸಿಕೊಂಡ ಬಂದೇನಿ ನೋಡ್ರಿ."

ಗಾಜಿನ ಬಾಗಿಲಿನಾಚೆ, ಬೈಕಿನ ಟ್ಯಾಂಕಿನ ಮೇಲೆ ನೀಲಾ ಕೂತಿದ್ದಳು. ಬಟ್ಟೆಯ ಒಂದು ಸಣ್ಣ ಗಂಟನ್ನು ಹೊಟ್ಟೆಗೆ ಅವಚಿಕೊಂಡಿದ್ದಳು. ಆಕೆಯ ಅವ್ವನ ತಲೆಯ ಆ ಎರಡನೇ ಚಿತ್ರ ಯಂತ್ರದ ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು. ಹೆಸರು ಹೊಡೆದರೆ ಸಾಕು, ತೆರೆದುಕೊಳ್ಳುತ್ತಿತ್ತು. ಕೌಸ್ತುಭನ ಕೈ ಕೀಲಿಮಣೆಯವರೆಗೆ ಹೋಯಿತು, ಅಲ್ಲಿಂದ ವಾಪಸು ಬಂತು.

"ನಿಮ್ಮ ಮಾವಗ ಏನ್ ಹೇಳೇನೋ ಅದ ಖರೆ. ಒಳಗ ಏನೂ ಇರಲಿಲ್ರಿ," ಎಂದ.

ಸುನೀಲ ಹೊರಗೆ ಹೋದ. ಬಾಗಿಲು ಪೂರ್ತಿ ಮುಚ್ಚಿಕೊಂಡಿರಲಿಲ್ಲ.

"ಮಾಮಾ, ಅಪ್ಪನ ಕಡೆ ಹೋಗೂದ?" ಎಂದು ಹುಡುಗಿ ಕೇಳಿದ್ದು ಕೌಸ್ತುಭನಿಗೆ ಸ್ಪಷ್ಟವಾಗಿ ಕೇಳಿಸಿತು.

ಸುನೀಲ ಬೈಕು ಹತ್ತಿ, ಮಾಸೂರಿನ ದಾರಿ ಬಿಟ್ಟು ಅಬಲೂರಿನ ಕಡೆಗೆ ತಿರುಗಿಸಿದ.